ಎರಡನೇ ಕೂಗು ಇಲ್ಲ

ಅಂಕೋಲೆಯ ಬಸ್ ನಿಲ್ದಾಣದಲ್ಲಿ ಬೆಳಗಿನ ಪಾಳಿಯಲ್ಲಿ ಬಸ್ಸುಗಳ ಹೆಸರು ಹೇಳುವವಳು ಭವ್ಯಾ ಬೀರಾ ಗೌಡ. ದನಿ ತೆಳು, ಉಚ್ಚಾರ ಸ್ಪಷ್ಟ. ಕಾರವಾರದಿಂದ ಬಂದ ಬಸ್ಸು ಕುಮಟಾ, ಹೊನ್ನಾವರದ ಮೇಲೆ ಭಟ್ಕಳಕ್ಕೆ ಹೋಗುತ್ತದೆ ಎಂದು ಒಂದು ಸಲ ಹೇಳಿ ಮೈಕ್ ಆರಿಸಿಬಿಡುತ್ತಾಳೆ. ಬೇರೆಲ್ಲ ಕಡೆ ಎರಡೆರಡು ಸಲ ಹೇಳುವುದು ರೂಢಿ.

"ಎರಡು ಸಲ ಹೇಳೇ ತಂಗಿ, ಅರ್ಧ ಜನಕ್ಕೆ ಕೇಳೂದಿಲ್ಲ" ಎಂದು ಕಂಟ್ರೋಲರ್ ಗದರಿದ್ದುಂಟು.

"ಬಸ್ಸು ಕಣ್ಣೆದುರೇ ನಿಂತದಲ್ಲ ಸರ್. ಕೇಳದವ್ರು ನೋಡ್ಲಿ."

ಈ ತೆಳು ದನಿಯ ಹುಡುಗಿಯೇ 'ಉಪ್ಪುಗಾಳಿ' ಎಂಬ ಹೆವಿ ಮೆಟಲ್ ಬ್ಯಾಂಡಿನ ಗಾಯಕಿ ಎಂದರೆ ನಿಲ್ದಾಣದ ಚಾದಂಗಡಿಯವನು ಇವತ್ತಿಗೂ ನಂಬುವುದಿಲ್ಲ. ೨೦೦೮ರಲ್ಲಿ ಆ ಬ್ಯಾಂಡು 'ಓಗೊಡು' ಎಂಬ ಒಂದೇ ಹಾಡಿನ ಸಿ.ಡಿ. ತಂದಿತು. ಹಾಡಿನ ನಡುವೆ ಗಿಟಾರು, ಡ್ರಮ್ಮು ಎಲ್ಲ ಒಮ್ಮೆಲೇ ನಿಲ್ಲುತ್ತವೆ. ಎದೆ ನಡುಗಿಸುವ ಒಂದು ಕೂಗು ಬರುತ್ತದೆ. ಆಮೇಲೆ ಏನೂ ಇಲ್ಲ. ಸಿ.ಡಿ. ಕೆಟ್ಟಿತೆಂದು ಕೇಳುವವನು ಗುಂಡಿ ಒತ್ತಲು ಏಳುವಷ್ಟರಲ್ಲಿ ಹಾಡು ಮತ್ತೆ ಮೇಲೇಳುತ್ತದೆ. ಆ ಏನೂ ಇಲ್ಲದ ಜಾಗವನ್ನು ಉಳಿಸಿಕೊಳ್ಳಲು ಭವ್ಯಾ ಪಟ್ಟ ಪಾಡು ದೊಡ್ಡದು.

ಅದು ಶುರುವಾದದ್ದು ಗದ್ದೆಯಲ್ಲಿ.

ತೋಡೂರಿನ ಪುನರ್ವಸತಿ ಕಾಲೊನಿಗೆ ಬರುವ ಮೊದಲು ಭವ್ಯಾಳ ಅಪ್ಪ ಬೀರಾನ ಮನೆ ಸಮುದ್ರದ ಬದಿಯ ಒಂದು ಕೊಪ್ಪದಲ್ಲಿತ್ತು. ಕೊಪ್ಪವೆಂದರೆ ಗೌಡರ ಹತ್ತಾರು ಮನೆಗಳ ಕೇರಿ. ಮುಂದೆ ಗದ್ದೆ, ಹಿಂದೆ ಗುಡ್ಡ. ಭತ್ತ ಹಾಲುಗಟ್ಟಿದೊಡನೆ ಗುಡ್ಡದಿಂದ ಹಂದಿಗಳು ಇಳಿಯುತ್ತಿದ್ದವು. ಅವನ್ನು ಓಡಿಸಲು ಗದ್ದೆಯ ಅಂಚಿನಲ್ಲಿ ಕಂಬ ನೆಟ್ಟು, ಬಿದಿರು ಹಾಸಿ, ತೆಂಗಿನ ಮಡಲು ಹೊದಿಸಿ ಅಟ್ಟ ಕಟ್ಟುತ್ತಿದ್ದರು. ಅದಕ್ಕೆ ಮಾಳ ಎಂದು ಹೆಸರು. ಮನೆಗೊಂದು ಮಾಳ, ಮಾಳಕ್ಕೊಂದು ಕೂಗು. ಕಣ್ಣು ಮುಚ್ಚಿಕೊಂಡೇ ಇದು ಇಂಥವರ ಮನೆಯ ಕೂಗು ಎಂದು ಹೇಳಬಹುದಿತ್ತು.

ಕೂಗಿಗೆ ಒಂದು ಕಟ್ಟಳೆಯೂ ಇತ್ತು. ಒಂದು ಕೂಗೆಂದರೆ, ನಾವಿದ್ದೇವೆ, ಎಚ್ಚರವಾಗಿದ್ದೇವೆ ಎಂದರ್ಥ. ಅದನ್ನು ಕೇಳಿದ ಪಕ್ಕದ ಮಾಳದವನು 'ಓ' ಎಂದು ಓಗೊಡಬೇಕು. ಓಗೊಟ್ಟವನೇ ಹಂದಿ ಎತ್ತ ಹೋಯಿತೆಂದು ಕೇಳಬೇಕು. ಮೊದಲು ಕೂಗಿದವನು ಅದಕ್ಕೆ ಉತ್ತರ ಹೇಳಬೇಕು. ಓಗೊಡುವ ತನಕ ಮತ್ತೆ ಕೂಗುವಂತಿಲ್ಲ. ಕಾಯದೆ ಎರಡನೇ ಸಲ ಕೂಗಿದರೆ ಅದರ ಅರ್ಥವೇ ಬೇರೆ: ನಮ್ಮ ಕೈಲಾಗದು, ಓಡಿ ಬನ್ನಿ. ಹಾವು ಮುಟ್ಟಿದಾಗ, ಮಾಳ ಮುರಿದು ಬಿದ್ದಾಗ ಮಾತ್ರ ಎರಡನೇ ಕೂಗು. ಅದು ಕೇಳಿದರೆ ಉಣ್ಣುತ್ತಿದ್ದವನು ಕೈ ತೊಳೆಯದೆ ಓಡಬೇಕು.

ಭವ್ಯಾ ಹತ್ತು ವರ್ಷದವಳಿದ್ದಾಗ ಬೀರಾನ ಗಂಟಲಲ್ಲಿ ಗಂಟೆದ್ದಿತು. ಅದನ್ನು ತೆಗೆಸಿದ ಮೇಲೆ ಜೀವ ಉಳಿಯಿತು, ದನಿ ಹೋಯಿತು. ಉಳಿದದ್ದು ಒಣ ತೆಂಗಿನ ಗರಿ ಉಜ್ಜಿದಂಥ ಪಿಸುಮಾತು. ಭತ್ತ ಮಾತ್ರ ಯಾರ ಗಂಟಲಿಗೂ ಕಾಯುವುದಿಲ್ಲ. ಒಂದು ಸಂಜೆ ಬೀರಾ ಮಗಳನ್ನು ಮಾಳಕ್ಕೆ ಹತ್ತಿಸಿಕೊಂಡು, "ತಂಗೀ, ನೀ ಕೂಗು" ಎಂದ.

ಅವಳು ಕೂಗಿದಳು. ಹಕ್ಕಿಮರಿ ಕೂಗಿದಂತಾಯಿತು. ಪಕ್ಕದ ಮಾಳದಲ್ಲಿದ್ದ ಬೊಮ್ಮು ಗೌಡ, ಅವಳಿಗೆ ಬೊಮ್ಮಜ್ಜ, ಬಾಯಿಂದ ಬೀಡಿ ತೆಗೆದು ಗಹಗಹಿಸಿ ನಕ್ಕ. "ಬೀರಾ! ನಿನ್ನ ಮಾಳದಾಗೆ ಗಿಣಿ ಕೂತದಲೋ! ಹಂದಿ ಹೆದರೂದು ಇರ್ಲಿ, ಸಾಕ್ಕೊಂಡು ಹೋದೀತು!"

ಆ ನಗು ಅವಳಿಗೆ ತಾಗಿತು. ಬೀರಾ ಮಗಳ ಅಂಗೈ ಹಿಡಿದು ಅವಳದೇ ಹೊಟ್ಟೆಯ ಮೇಲಿಟ್ಟ. ಕೂಗು ಇಲ್ಲಿಂದ ಏಳಬೇಕು, ಗಂಟಲು ಬರೀ ಬಾಗಿಲು, ಬಾಗಿಲಿಗೆ ಪೆಟ್ಟು ಬೀಳಬಾರದು ಎಂದು ಪಿಸುಗುಟ್ಟಿದ. ಹಗಲು ಹೊತ್ತು ದನ ಮೇಯಿಸುತ್ತ ಗುಡ್ಡದ ಮರೆಯಲ್ಲಿ ಅವಳು ಅದನ್ನೇ ಸಾಧಿಸಿದಳು. ಗಂಡಸಿನ ಹಾಗೆ ಕೇಳಬೇಕೆಂದು ದನಿಯನ್ನು ಕೆಳಗೆ, ಇನ್ನೂ ಕೆಳಗೆ ಇಳಿಸಿದಳು. ಆ ಸಲದ ಕೊಯ್ಲಿನ ಹೊತ್ತಿಗೆ ಅವಳ ಎಳೆ ಎದೆಯಿಂದ ಬಂಡೆ ಉರುಳುವ ಸದ್ದು ಬರತೊಡಗಿತ್ತು. ಬೊಮ್ಮಜ್ಜ ನಗಲಿಲ್ಲ. "ಓ...!" ಎಂದು ಓಗೊಟ್ಟು, "ಹಂದಿ ಎತ್ಲಾಗೆ ಹೋತೇ?" ಎಂದು ಕೇಳಿದ, ದೊಡ್ಡವರನ್ನು ಕೇಳುವ ಹಾಗೆಯೇ.

ಒಂದು ಸಂಜೆ ಗಂಡುಹಂದಿಯೊಂದು ಮಾಳದ ಕಂಬಕ್ಕೇ ಮೈ ಉಜ್ಜಿತು. ಅಟ್ಟವೆಲ್ಲ ಅಲುಗಾಡಿತು. ಅಪ್ಪ ಇನ್ನೂ ಬಂದಿರಲಿಲ್ಲ. ಭವ್ಯಾ ಒಂದೇ ಸಲ ಕೂಗಿ ತುಟಿ ಕಚ್ಚಿ ಕೂತಳು. ಹಂದಿ ಹೋದ ಮೇಲೆ ಬಂದ ಬೀರಾ ಕೆಳಗಿನ ಹೆಜ್ಜೆ ಗುರುತು ನೋಡಿದ, ಮಗಳ ಮುಖ ನೋಡಿದ. ಮನೆಗೆ ಹೋಗಿ ಹೆಂಡತಿ ಸೋಮಿಗೆ, "ನಮ್ಮ ಮಾಳದಿಂದ ಎರಡನೇ ಕೂಗು ಬರ್ಲಿಲ್ಲ" ಎಂದಷ್ಟೇ ಹೇಳಿದ. ಅವಳನ್ನು ಅವನು ಹೊಗಳಿದ್ದು ಅದೊಂದೇ ಸಲ.

ಆಮೇಲೆ ನೌಕಾನೆಲೆ ಕಟ್ಟಲೆಂದು ಊರು ಬಿಡಬೇಕಾಯಿತು. ಕೊಪ್ಪದ ಮನೆಗಳು ಒಂದೊಂದಾಗಿ ಖಾಲಿಯಾದವು. ಬೊಮ್ಮಜ್ಜ ಅಂಕೋಲೆಯ ಕಡೆ ಬೆಳಂಬಾರದಲ್ಲಿದ್ದ ಮಗಳ ಮನೆಗೆ ಹೋದ. ಬೀರಾನ ಮನೆಯವರು ಹೊರಡುವ ಹಿಂದಿನ ಸಂಜೆ ಭವ್ಯಾ ಮಾಳ ಹತ್ತಿ ಕೂಗಿದಳು. ಕೂಗು ಎರಡು ಗದ್ದೆ ದಾಟಿತು, ಬೊಮ್ಮಜ್ಜನ ಖಾಲಿ ಮಾಳ ದಾಟಿತು. ಅವಳು ಕಾದಳು. ಓಗೊಡುವವರು ಇಲ್ಲವೆಂದು ಅವಳಿಗೆ ಗೊತ್ತಿತ್ತು. ಆದರೂ ಕಟ್ಟಳೆಯೆಂದರೆ ಕಟ್ಟಳೆ. ಬೀರಾ ಹೆಗಲ ಮೇಲೆ ಕೈ ಇಡುವ ತನಕ ಕಾದಳು.

ಕಾಲೊನಿಗೆ ಬಂದ ಮೊದಲ ವರ್ಷ, ಭತ್ತ ಹಾಲುಗಟ್ಟುವ ದಿನಗಳಲ್ಲಿ, ಅಂಗಳದಲ್ಲಿ ನಿಂತು ಒಮ್ಮೆ ಕೂಗಿದಳು. ಆಚೆಮನೆಯ ಕೂಸು ಬೆಚ್ಚಿ ಅತ್ತಿತು, ಕಿಟಕಿಗಳು ತೆರೆದವು. "ಇಲ್ಲಿ ಎಂತಾ ಹಂದಿಯೇ ತಂಗೀ?" ಎಂದಳು ಸೋಮಿ, ಬೈಯದೆ. ಆ ಮಾತಿನ ಮೇಲೆ ಭವ್ಯಾ ಕೂಗುವುದನ್ನು ನಿಲ್ಲಿಸಿದಳು.

ಕಾರವಾರದಲ್ಲಿ ಡಿಗ್ರಿ ಓದುವಾಗ ಅದು ಮತ್ತೆ ಬಾಯಿ ತೆರೆಯಿತು. ತರಗತಿಯ ಅಮಿತ ಎಂಬ ಹುಡುಗ ಸದಾ ಕಿವಿಗೆ ವಾಕ್‌ಮನ್ ಸಿಕ್ಕಿಸಿಕೊಂಡು ಬೆಂಚು ಬಡಿಯುತ್ತಿದ್ದ. ಏನು ಕೇಳುತ್ತೀ ಎಂದಳು. ಅವನು ಒಂದು ಕಿವಿಯದ್ದು ತೆಗೆದು ಕೊಟ್ಟ. ಯಾವುದೋ ದೇಶದವನೊಬ್ಬ ಗಂಟಲು ಹರಿದು ಅಬ್ಬರಿಸುತ್ತಿದ್ದ. ಭವ್ಯಾ ಗಮನವಿಟ್ಟು ಕೇಳಿ, "ಇವ್ರ ಗದ್ದೆಗೆ ಹಂದಿ ಜಾಸ್ತಿಯಾ?" ಎಂದಳು.

ಅಮಿತ ನಕ್ಕು ನಕ್ಕು ಬೆಂಚಿನ ಮೇಲೆ ಬಿದ್ದ. "ಹೆವಿ ಮೆಟಲ್ ಗೋ ಇದು! ಹಂದಿ ಅಂತೆ! ಹೀಗೆ ಕೂಗೋಕೆ ವರ್ಷಗಟ್ಟಲೆ ಕಲೀಬೇಕು."

"ಇಂವ ಗಂಟಲಿಂದ ಕೂಗ್ತಾನೆ. ಬೇಗ ಕೆಡ್ತದೆ" ಎಂದಳು. ನಂಬದಿದ್ದರೆ ಬಾ ಎಂದು ಕಾಲೇಜಿನ ಹಿಂದಿನ ಗಾಳಿಮರದ ತೋಪಿಗೆ ಕರೆದುಕೊಂಡು ಹೋಗಿ, ಚಪ್ಪಲಿ ಬಿಚ್ಚಿ, ಕಾಲು ಅಗಲಿಸಿ ನಿಂತು ಒಂದೇ ಒಂದು ಸಲ ಕೂಗಿದಳು. ಮರದ ಮೇಲಿನ ಕಾಗೆಗಳೆಲ್ಲ ಎದ್ದವು. ಅಮಿತನಿಗೆ ನಗು ಮರೆತುಹೋಯಿತು.

ಹೀಗೆ ಬ್ಯಾಂಡು ಹುಟ್ಟಿತು. ಅಮಿತನಿಗೆ ಡ್ರಮ್ಮು, ಅವನ ಗೆಳೆಯ ಸಂದೇಶನಿಗೆ ಗಿಟಾರು, ಭವ್ಯಾಗೆ ಕೂಗು. ಸಂದೇಶನ ತಂದೆ ಶಾಂತಾರಾಮರು ಬ್ಯಾಂಕಿನಲ್ಲಿದ್ದರು. ಅವರ ಮನೆಯ ಹಿಂದಿನ ಖಾಲಿ ಗೋದಾಮಿನಲ್ಲಿ ಅಭ್ಯಾಸ. ಕಾಲೊನಿಯಲ್ಲಿ ಸುದ್ದಿ ಹಬ್ಬಲು ಹೊತ್ತು ಬೇಕಾಗಲಿಲ್ಲ. ಬೀರಾನ ಮಗಳ ಮೈಮೇಲೆ ಬರುತ್ತದಂತೆ ಎಂದರು. ಸೋಮಿಗೆ ಅದೇ ಚಿಂತೆ.

"ನೋಡೂಕೆ ಬಂದ ಗಂಡಿನ ಕಡಿಯವ್ರು ಈ ಕೂಗು ಕೇಳಿರೆ ಓಡಿ ಹೋತ್ರೇ."

"ಓಡೋರು ಮೊದ್ಲೇ ಓಡ್ಲಿ ಅವ್ವಾ. ಮದುವೆ ಆದ್ಮೇಲೆ ಓಡಿರೆ ಹಿಡಿಯೂಕೆ ಕಷ್ಟ."

'ಓಗೊಡು' ಹಾಡನ್ನು ಬರೆದವಳೂ ಅವಳೇ. ಉದ್ದದ್ದೇನಲ್ಲ. ಕಂಬ ಕಿತ್ತರೂ ಮಾಳ ಇದೆ, ಬೇಲಿ ಬಂದರೂ ಗಾಳಿ ಇದೆ, ನಾನಿದ್ದೇನೆ, ಓಗೊಡು, ಇಷ್ಟೇ. ನಡುವೆ ಕೂಗು, ಆಮೇಲೆ ಬಿಡುವು. ಬಿಡುವು ಎಷ್ಟು ಹೊತ್ತು ಎಂದು ಡ್ರಮ್ಮಿನ ಅಮಿತನಿಗೆ ತಿಳಿಯಬೇಕಲ್ಲ.

"ಬೊಮ್ಮಜ್ಜ ಬಾಯಿಂದ ಬೀಡಿ ತೆಗೆದು, ಉಸಿರು ತಗೊಂಡು ಓ ಅನ್ನೋವಷ್ಟು ಹೊತ್ತು" ಎಂದಳು ಭವ್ಯಾ.

"ಬೀಡಿ ಆಗಷ್ಟೇ ಹಚ್ಚಿದ್ದಾ, ಮುಗೀತಾ ಬಂದದ್ದಾ?"

"ಆಗಷ್ಟೇ ಹಚ್ಚಿದ್ದು. ಬಿಡೂಕೆ ಮನಸ್ಸಿಲ್ಲ."

"ಹಾಗಾದ್ರೆ ಜಾಸ್ತಿ ಹೊತ್ತಾಯ್ತು" ಎಂದು ಅಮಿತ ಕೋಲು ಮಡಿಲಲ್ಲಿಟ್ಟುಕೊಂಡ. ಮುಂದೆ ಯಾವತ್ತೂ ಅವನು ಆ ಬಿಡುವನ್ನು ತಪ್ಪಿಸಲಿಲ್ಲ.

ರೆಕಾರ್ಡಿಂಗ್ ನಡೆದದ್ದು ಮಡಗಾಂವಿನ ಒಂದು ಸಣ್ಣ ಸ್ಟುಡಿಯೋದಲ್ಲಿ. ಅವಳ ಕೂಗು ಕಂಪ್ಯೂಟರಿನ ಪರದೆಯ ಮೇಲೆ ಬಂಗಡೆ ಮೀನಿನ ಹಾಗೆ ಕಂಡಿತು: ತಲೆ ದಪ್ಪ, ಬಾಲ ಸಪೂರ. ಬಾಲದ ಆಚೆ ಒಂದು ನೇರ ಗೆರೆ. ಸ್ಟುಡಿಯೋದವನು ಗೆರೆಯ ಮೇಲೆ ಬೆರಳಾಡಿಸಿ, ಇಲ್ಲಿ ಏನೋ ಬಿಟ್ಟುಹೋಗಿದೆ ಎಂದು ಕೊಂಕಣಿಯಲ್ಲಿ ಹೇಳಿದ. ಬಿಟ್ಟುಹೋಗಿಲ್ಲ, ಬಿಟ್ಟದ್ದು ಎಂದಳು ಭವ್ಯಾ. ಅವನು ತಲೆಯಾಡಿಸಿದ. ಅವರು ಊರಿಗೆ ಮರಳಿದ ಕೆಲವು ದಿನಗಳಲ್ಲಿ ಪೂರ್ತಿಯಾದ ಹಾಡಿನ ಒಂದು ಸಿ.ಡಿ. ಬಂತು. ಸಂದೇಶ ಅದನ್ನು, ಮನೆಯಲ್ಲಿ ಕೇಳಿಸು ಎಂದು ಭವ್ಯಾಗೆ ಕೊಟ್ಟ.

ಕಾಲೊನಿಯ ಮನೆಯಲ್ಲಿ ಮಧ್ಯಾಹ್ನದ ಊಟದ ಹೊತ್ತು. ಬೀರಾ ಒಳಗೆ ಗಂಜಿ ಉಣ್ಣುತ್ತಿದ್ದ. ಭವ್ಯಾ ಹೊರಜಗಲಿಯಲ್ಲಿ ಆಚೆಮನೆಯಿಂದ ತಂದ ಪ್ಲೇಯರಿಗೆ ಸಿ.ಡಿ. ಹಾಕಿದಳು. ಗಿಟಾರು ಗುಡುಗಿತು, ನಿಂತಿತು. ಅವಳ ಕೂಗು ಬಂತು. ಅದರ ಬೆನ್ನಿಗೇ ಇನ್ನೊಂದು ಕೂಗು, ಅದೇ ದನಿ, ಅದೇ ಉಸಿರು. ಖಾಲಿ ಗೆರೆ ಚೆನ್ನಾಗಿಲ್ಲವೆಂದು ಸ್ಟುಡಿಯೋದವನು ಅದೇ ಮೀನನ್ನು ಎತ್ತಿ ಅಲ್ಲಿ ಮತ್ತೊಮ್ಮೆ ಅಂಟಿಸಿದ್ದ.

ಒಳಗೆ ತಟ್ಟೆ ಬಿದ್ದ ಸದ್ದಾಯಿತು. ಬೀರಾ ಗಂಜಿಯ ಕೈಯಲ್ಲೇ ಗೋಡೆಯ ಕತ್ತಿ ಕಿತ್ತುಕೊಂಡು ಜಗಲಿ ಹಾರಿ ಅಂಗಳಕ್ಕೆ ಬಂದಿದ್ದ. ಎಡಕ್ಕೆ ನೋಡಿದ, ಬಲಕ್ಕೆ ನೋಡಿದ. ಎದುರುಮನೆಯ ಹೀರಾ ಎಂಬ ಮುದುಕಿ, ಅದೇ ಹಳೆ ಕೊಪ್ಪದವಳು, ಅವಳೂ ಒನಕೆ ಹಿಡಿದು ಬಾಗಿಲಿಗೆ ಬಂದಿದ್ದಳು.

"ಯಾರಿಗೆ ಎಂತಾ ಆತೇ?" ಎಂದ ಬೀರಾ.

"ಯಾರಿಗೂ ಏನೂ ಆಗ್ಲಿಲ್ಲ ಅಪ್ಪಾ. ಹಾಡು ಅದು."

"ನೀ ಎರಡು ಸಲ ಕೂಗ್ದೆ."

"ನಾ ಕೂಗ್ಲಿಲ್ಲ."

"ನಿಂದೇ ದನಿ."

ಅವನು ಕತ್ತಿಯನ್ನು ಗೋಡೆಗೆ ಸಿಕ್ಕಿಸಿ, ಚೆಲ್ಲಿದ ಗಂಜಿಯನ್ನು ಬಳಿಯಲು ಕೂತ. ಮಗಳ ಕಡೆ ನೋಡಲಿಲ್ಲ. ಕಂಬಕ್ಕೆ ಹಂದಿ ಉಜ್ಜಿದಾಗಲೂ ಕೂಗದ ಎರಡನೇ ಕೂಗು, ಯಾರೋ ಒಬ್ಬನ ಬೆರಳ ತುದಿಯಿಂದ ಅವಳ ಹೆಸರಿನಲ್ಲಿ ಹೊರಬಿದ್ದಿತ್ತು.

ಮರುದಿನ ಗೋದಾಮಿನಲ್ಲಿ ಜಗಳ.

"ಅದನ್ನ ತೆಗೆಸು" ಎಂದಳು.

"ಭವ್ಯಾ, ಚೆನ್ನಾಗೇ ಇದೆಯಲ್ಲ ಗೋ" ಎಂದ ಸಂದೇಶ. "ಎರಡು ಸಲ ಬಂದ್ರೆ ಜನ ಇನ್ನೂ ಬೆಚ್ಚಿ ಬೀಳ್ತಾರೆ. ಊರು ಕಳಕೊಂಡವ್ರ ಆಕ್ರಂದನ ಅಂತ ಸಿ.ಡಿ. ಮೇಲೆ ಬರೀಬಹುದು. ಕೇಳಿದವ್ರಿಗೆ ಅಯ್ಯೋ ಅನ್ನಿಸ್ಬೇಕು."

"ಅಯ್ಯೋ ಅನ್ಸೂಕೆ ನಾ ಕೂಗ್ಲಿಲ್ಲ. ಒಂದು ಕೂಗು ಅಂದ್ರೆ ನಾವಿದ್ದೇವೆ ಅಂತ. ಎರಡು ಅಂದ್ರೆ ಕಾಪಾಡಿ ಅಂತ. ನಾನು ಯಾರಿಗೆ ಕಾಪಾಡಿ ಅಂದೆ? ತೋರ್ಸು."

"ಅದು ನಿಮ್ಮ ಕೊಪ್ಪದವ್ರಿಗೆ ಗೊತ್ತು. ಮಡಗಾಂವಿನವನಿಗೆ ಹೇಗೆ ಗೊತ್ತಾಗ್ಬೇಕು? ಕೂಗಿ ಸುಮ್ಮನೆ ನಿಂತ್ರೆ ಹಾಡು ಮುಗೀತು ಅಂತ ಎದ್ದು ಹೋಗ್ತಾರೆ ಜನ."

"ಹೋಗೂದಿಲ್ಲ."

"ಹೋಗ್ತಾರೆ."

ಕೊನೆಗೆ ಅಮಿತ ನಡುವೆ ಬಂದ. ಮುಂದಿನ ವಾರ ಅಂಕೋಲೆಯಲ್ಲಿ ಒಂದು ಯುವಕ ಸಂಘದ ವಾರ್ಷಿಕೋತ್ಸವಕ್ಕೆ ಅವರನ್ನು ಕರೆದಿದ್ದರು. ಅಲ್ಲಿ ಭವ್ಯಾ ಹೇಳಿದ ಹಾಗೇ ಒಂದು ಕೂಗು, ಬಿಡುವು. ಜನ ಎದ್ದುಹೋದರೆ ಸಿ.ಡಿ.ಯಲ್ಲಿ ಎರಡು ಕೂಗು ಇರಲಿ; ಕಾದರೆ ಒಂದೇ ಇರಲಿ. ಭವ್ಯಾ ಒಪ್ಪಿದಳು. ಎರಡು ಕೂಗು ಉಳಿದರೆ ಮತ್ತೆ ಮೈಕು ಹಿಡಿಯುವುದಿಲ್ಲ ಎಂದೂ ಹೇಳಿದಳು. ಅದು ಬೆದರಿಕೆ ಅಲ್ಲವೆಂದು ಇಬ್ಬರಿಗೂ ಗೊತ್ತಾಯಿತು.

ಸಂಘದ ಅಧ್ಯಕ್ಷ ದತ್ತಾ ನಾಯಕರಿಗೆ ಈ ಬ್ಯಾಂಡಿನ ಸದ್ದು ಏನೆಂದು ತಿಳಿದಿರಲಿಲ್ಲ. ಸಂಜೆ ಶಾಲೆಯ ಬಯಲಿನಲ್ಲಿ ಸಲಕರಣೆ ಇಳಿಸುವಾಗಲೇ ಅವರು ಭವ್ಯಾಳನ್ನು ಮೇಲಿಂದ ಕೆಳಗೆ ನೋಡಿ, "ಮೊದಲು ಎರಡು ಭಾವಗೀತೆ ಹೇಳಿಬಿಡಮ್ಮ. ಹೆಂಗಸರು ಮಕ್ಕಳು ಬಂದಿದ್ದಾರೆ" ಎಂದರು.

"ನಾ ಹೇಳೂದು ಒಂದೇ ಹಾಡು."

"ಭಕ್ತಿಗೀತೆಯಾ?"

"ಅಲ್ಲ. ಹಂದಿ ಓಡ್ಸೂದು."

ಅವರು ನಗೆಚಾಟಿಕೆ ಎಂದುಕೊಂಡರು. ಭಾವಿಕೇರಿ, ಬೆಳಂಬಾರದ ಕಡೆಯಿಂದ ಬಂದ ಜನ ಬಯಲಿನ ತುಂಬ ಕೂತಿದ್ದರು. ಮುಂದೆ ಮಕ್ಕಳು, ನಡುವೆ ಹೆಂಗಸರು, ಹಿಂದೆ ಬೇಲಿಗೆ ಒರಗಿ ನಿಂತ ಗಂಡಸರು. ಗಿಟಾರು ಎದ್ದೊಡನೆ ಮುಂದಿನ ಸಾಲಿನ ಮಕ್ಕಳು ಕಿವಿ ಮುಚ್ಚಿಕೊಂಡು ಕುಣಿದರು. ಯಾರೋ ಸಿಳ್ಳೆ ಹಾಕಿದರು. "ಏಯ್, ಜನರೇಟರ್ ಕೆಟ್ಟದೆ, ನೋಡ್ರೋ!" ಎಂದು ಯಾರೋ ಕಿರುಚಿದರು. ಭವ್ಯಾ ಚಪ್ಪಲಿ ಬಿಚ್ಚಿಟ್ಟು ಹಾಡಿದಳು. ಅಂಗೈ ಹೊಟ್ಟೆಯ ಮೇಲಿತ್ತು. ಗಿಟಾರು ನಿಂತಿತು, ಡ್ರಮ್ಮು ನಿಂತಿತು. ಅವಳು ಮೈಕನ್ನು ಪಕ್ಕಕ್ಕೆ ಸರಿಸಿ, ಬರಿ ಬಾಯಿಂದ ಕೂಗಿದಳು.

ಕೂಗು ಬಯಲಿನ ಆಚೆಯ ತೆಂಗಿನ ಸಾಲಿಗೆ ತಾಗಿತು. ಆಮೇಲೆ ಸದ್ದಿಲ್ಲ.

ಒಬ್ಬ ಕೆಮ್ಮಿದ. ಒಂದು ಕಡೆ ಕಿಸಕ್ಕೆಂದು ನಗು ಎದ್ದಿತು. ಹಿಂದಿನ ಸಾಲಿನಲ್ಲಿ ಕೆಲವರು ಚಾಪೆ ಕೊಡವಿ ಎದ್ದೇ ಎದ್ದರು. ಹಾಡು ಮುಗಿಯಿತೆಂದು ದತ್ತಾ ನಾಯಕರು ಹಾರ ಹಿಡಿದು ವೇದಿಕೆ ಹತ್ತಿದರು.

"ಇನ್ನೊಂದ್ಸಲ ಕೂಗು" ಎಂದು ಸಂದೇಶ ಹಲ್ಲು ಕಚ್ಚಿಕೊಂಡು ಹೇಳಿದ. "ಕೂಗೇ, ಜನ ಹೊರಟ್ರು!"

ಭವ್ಯಾ ತಲೆ ಅಲ್ಲಾಡಿಸಿದಳು. ಕಾಲು ಅಗಲಿಸಿ ಹಾಗೇ ನಿಂತಳು. ಎದ್ದವರು ಹೋಗಲಿ. ಹಾರ ಬರಲಿ. ಖಾಲಿ ಮಾಳಕ್ಕೂ ಕಾದವಳು ಅವಳು. ಅಮಿತನ ಕೋಲುಗಳು ಮಡಿಲಲ್ಲೇ ಇದ್ದವು; ಅವನ ಕಣ್ಣು ಅವಳ ಬೆನ್ನ ಮೇಲಿತ್ತು.

ಬೇಲಿಯ ಕಡೆಯಿಂದ, ಗಂಡಸರ ಹಿಂದಿನಿಂದ, ಒಡೆದ ಆದರೆ ದಪ್ಪ ದನಿಯೊಂದು ಎದ್ದಿತು.

"ಓ...!"

ಎಲ್ಲರೂ ತಿರುಗಿ ನೋಡಿದರು. ಮೊಮ್ಮಗನ ಹೆಗಲು ಹಿಡಿದು ನಿಂತಿದ್ದ ಮುದುಕನೊಬ್ಬ ಬೀಡಿ ಹಿಡಿದ ಕೈಯನ್ನೇ ಬಾಯಿಗೆ ಅಡ್ಡ ಮಾಡಿಕೊಂಡು ಕೂಗುತ್ತಿದ್ದ.

"ಬೀರಾನ ಮಾಳವಾ? ಹಂದಿ ಎತ್ಲಾಗೆ ಹೋತೇ?"

ಭವ್ಯಾ ಆ ದನಿಯತ್ತ ತಿರುಗಿದಳು. ಕೇಳಿದ್ದಕ್ಕೆ ಉತ್ತರ ಹೇಳಬೇಕು, ಅದೂ ಕಟ್ಟಳೆ. ಪಕ್ಕದಲ್ಲಿ ದತ್ತಾ ನಾಯಕರು ಹಾರ ಹಿಡಿದು ಬಾಯಿ ತೆರೆದು ನಿಂತಿದ್ದರು.

"ಎಲ್ಲೂ ಹೋಗ್ಲಿಲ್ಲ ಬೊಮ್ಮಜ್ಜಾ! ವೇದಿಕೆ ಮೇಲೇ ಅದೆ!"

ಬಯಲಿಗೆ ಬಯಲೇ ನಕ್ಕಿತು. ಚಾಪೆ ಮಡಚಿದವರು ಮತ್ತೆ ಹಾಸಿ ಕೂತರು. ಅಮಿತ ಕೋಲೆತ್ತಿ ಹೊಡೆದ, ಹಾಡು ಮೇಲೆದ್ದಿತು. ಅದರ ಕೊನೆಯ ಸಾಲಿಗೆ ಬೆಳಂಬಾರದ ಗೌಡರ ಹೆಂಗಸರು, ಮಕ್ಕಳು, ಬೇಲಿಯ ಗಂಡಸರು ಎಲ್ಲ ಸೇರಿ 'ಓ' ಎಂದರು. ದತ್ತಾ ನಾಯಕರು ಹಾರವನ್ನು ಅವಳಿಗೆ ಹಾಕಬೇಕೋ ತಾವೇ ಹಾಕಿಕೊಳ್ಳಬೇಕೋ ತಿಳಿಯದೆ ಮೈಕಿನ ಕಂಬಕ್ಕೆ ಹಾಕಿ ಇಳಿದರು. ಕೆಳಗೆ ಹೋಗಿ ಅವರೂ ನಕ್ಕರೆಂದು ಆಮೇಲೆ ತಿಳಿಯಿತು.

ಸಂದೇಶ ಮಾತಿಗೆ ತಪ್ಪಲಿಲ್ಲ. ಮಡಗಾಂವಿಗೆ ತಾನೇ ಹೋಗಿ ಎರಡನೇ ಮೀನನ್ನು ತೆಗೆಸಿದ. ಅವನಿಗೆ ಇನ್ನೊಂದು ಆಸೆ ಇತ್ತು: ಬೊಮ್ಮಜ್ಜನನ್ನು ಸ್ಟುಡಿಯೋಗೆ ಕರೆದೊಯ್ದು ಆ 'ಓ' ಎಂಬುದನ್ನೂ ಹಾಡಿಗೆ ಸೇರಿಸುವುದು. ಬೆಳಂಬಾರದ ಜಗಲಿಯಲ್ಲಿ ಕೂತು ಕೇಳಿದಾಗ ಮುದುಕ ಬೀಡಿಯ ಬೂದಿ ಕೊಡವಿದ.

"ಆ ಪೆಟ್ಟಿಗೆ ಮುಂದೆ ಹಂದಿ ಬತ್ತದಾ?"

"ಇಲ್ಲ ಅಜ್ಜಾ."

"ಮತ್ತೆ ಯಾರಿಗೆ ಓಗೊಡೂದು? ಒಂದ್ಸಲ ಹಿಡಿದಿಟ್ಟ 'ಓ'ಗೆ ಏನು ಬೆಲೆ ಮಗಾ? ಕೂಗು ಅವಳದ್ದು. ಜಾಗ ಬಿಟ್ಟಿಡು. ಕೇಳಿದವ್ರು ಓಗೊಡ್ಲಿ."

ಜಾಗ ಬಿಟ್ಟೇ ಹಾಡು ಹೊರಬಂತು. ಮೊದಲ ತಿಂಗಳು ಕಾರವಾರದ ಅಂಗಡಿಗಳಿಂದ ಎಷ್ಟೋ ಸಿ.ಡಿ.ಗಳು ವಾಪಸು ಬಂದವು: ನಡುವೆ ದನಿ ನಿಲ್ಲುತ್ತದೆ, ಮಾಲು ಕೆಟ್ಟಿದೆ. ಸಂದೇಶ ಪ್ರತಿ ಅಂಗಡಿಗೂ ಹೋಗಿ, "ಕೆಟ್ಟಿಲ್ಲ. ಕಾಯಿರಿ" ಎಂದು ಹೇಳಿ ಬಂದ. ಈಗೀಗ ಅವನೂ ಅದನ್ನು ಭವ್ಯಾಳ ದನಿಯಲ್ಲೇ ಹೇಳುತ್ತಾನೆ ಎಂದು ಅಮಿತ ರೇಗಿಸುತ್ತಾನೆ.

ಹೊಸ ಸಿ.ಡಿ. ಬಂದ ದಿನ ಭವ್ಯಾ ಅದನ್ನು ಮನೆಯ ಜಗಲಿಯಲ್ಲೇ ಹಾಕಿದಳು. ಬೀರಾ ಈ ಸಲ ಹೊರಗೇ ಬಂದು ಕೂತಿದ್ದ. ಸೋಮಿ ಬಾಗಿಲಲ್ಲಿ, ಎದುರುಮನೆಯ ಹೀರಾ ತನ್ನ ಮೆಟ್ಟಿಲಲ್ಲಿ. ಕೂಗು ಬಂತು, ಒಂದೇ ಒಂದು. ಆಮೇಲೆ ಬಿಡುವು. ಬೀರಾ ಬಾಯಿ ತೆರೆದ. ಉಸಿರು ಬಂತು, ದನಿ ಬರಲಿಲ್ಲ. ಅವನು ಪಕ್ಕದಲ್ಲಿದ್ದ ತಂಬಿಗೆ ಎತ್ತಿ ಜಗಲಿಯ ಕಲ್ಲಿಗೆ ಟಣ್ ಎಂದು ಕುಟ್ಟಿದ. ಮಗಳ ಕಡೆ ಗದ್ದ ಎತ್ತಿ ಪಿಸುಗುಟ್ಟಿದ:

"ಹಂದಿ ಎತ್ಲಾಗೆ?"

ಭವ್ಯಾ ಸಮುದ್ರದ ಕಡೆ, ಹಳೆ ಕೊಪ್ಪ ಇದ್ದ ಕಡೆ ಕೈ ತೋರಿಸಿದಳು. "ಅಲ್ಲೇ ಅದೆ ಅಪ್ಪಾ."

"ಹಂಗಾರೆ ನಾಳೆನೂ ಕೂಗು" ಎಂದ ಬೀರಾ.